ಕಿಲುಬು

ಸೊಹಾರ್ ದಾಟಿ ವಾದಿ ಜಿಝಿಯ ಒಣಹಳ್ಳ ಹತ್ತಿದರೆ
ಬೆಟ್ಟಗಳ ಮೈಮೇಲೆ ಒಂದು ಗರಿಕೆಯೂ ಇಲ್ಲ.
ಹಸಿರು ಬೇಕಾದರೆ
ಕಲ್ಲನ್ನೇ ಒಡೆಯಬೇಕು.

ಲ್ಯಾಬಿನಲ್ಲಿ ಕೂತು ಫಾರಂ ತುಂಬುತ್ತೇನೆ.
ಹೆಸರು: ಮ್ಯಾಲಕೈಟ್.
ಬಿಳಿ ಬಿಲ್ಲೆಗೆ ಗೀರಿದರೆ ತಿಳಿಹಸಿರು ಗೆರೆ,
ಹೆಸರುಹಿಟ್ಟು ಉದುರಿದ ಹಾಗೆ.
ಉಗುರಿಗೆ ಜಗ್ಗದು, ಚಾಕುವಿಗೆ ಸೋಲುತ್ತದೆ.
ಒಂದು ಹನಿ ಆಸಿಡ್ ಬಿಟ್ಟರೆ
ಬೈಸಿಕೊಂಡ ಹುಡುಗನಂತೆ ಬುಸುಗುಡುತ್ತದೆ.

ಗದಗಿನಲ್ಲಿ ಮೋಟಾರು ಸುತ್ತುತ್ತಿದ್ದವ ನಾನು.
ತಾಮ್ರವೆಂದರೆ ಕೆಂಪು, ಸುಟ್ಟ ಕಾಯಿಲು,
ಬೆರಳಿಗಂಟಿದ ವಾರ್ನಿಶ್.
ಹಸಿರೆಂದರೆ ಹಂಡೆಯ ಕಿಲುಬು,
ಹುಣಸೆಹಣ್ಣು, ಉಪ್ಪು ಹಾಕಿ ಅವ್ವ ತಿಕ್ಕುತ್ತಿದ್ದದ್ದು:
‘ವಿಷ ಐತಿ ಅದು, ಮುಟ್ಟಬ್ಯಾಡ.’

ಆ ಕಿಲುಬೇ ಇಲ್ಲಿ ಬೆಳ್ಳಿಯಲ್ಲಿ ಕೂತು
ಮತ್ರಾದ ಸಂತೆಬೀದಿಯಲ್ಲಿ ಉಂಗುರ,
ಹನ್ನೆರಡು ರಿಯಾಲ್.

ಡ್ರೈವರ್ ಖಲ್ಫಾನ್ ಹೇಳಿದ, ಈ ಬೆಟ್ಟ ಕಡಲ ತಳವಾಗಿತ್ತು.
ನಾನು ನಕ್ಕೆ. ಗಾಡಿ ನಿಲ್ಲಿಸಿ ತೋರಿಸಿದ:
ದಿಂಬಿನ ಮೇಲೆ ದಿಂಬು ಒಟ್ಟಿದಂಥ ಕಪ್ಪು ಬಂಡೆ.
ಬೆಂಕಿ ತಣ್ಣೀರು ಮುಟ್ಟಿ
ಮುದುಡಿಕೊಂಡು ಮಲಗಿದ್ದು.
ಅದರ ಬಿರುಕಲ್ಲಿ ಬಿಸಿನೀರು ತಾಮ್ರ ಹೊತ್ತು ಬಂತು,
ಗಂಧಕದ ಸಂಗಡ ಹಳದಿಯಾಗಿ ಹೆಪ್ಪುಗಟ್ಟಿತು.
ಆಮೇಲೆ ನೆಲ ಎದ್ದಿತು. ಕಡಲು ಹಿಂದೆ ಸರಿಯಿತು.
ಯಾವಾಗಲೋ ಬಿದ್ದ ನಾಲ್ಕು ಹನಿ ಮಳೆ
ಗಾಳಿಯ ಉಸಿರನ್ನೂ ಕುಡಿದು ಒಳಗಿಳಿದು
ಸುತ್ತಿನ ಮೇಲೆ ಸುತ್ತು ಹಾಕಿತು:
ಕಡುಹಸಿರು, ತಿಳಿಹಸಿರು, ಮತ್ತೆ ಕಡು.
ನನ್ನದೇ ಕಸುಬು!
ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ.

ಇದನ್ನೇ ಅರೆದು ಬಣ್ಣ ಮಾಡಿದರಂತೆ, ಕಣ್ಣಿಗೆ ಹಚ್ಚಿದರಂತೆ.
ಇದ್ದಿಲ ನಡುವೆ ಇಟ್ಟು ತಿದಿ ಒತ್ತಿದರೆ
ಹಸಿರು ಕಪ್ಪಾಗಿ, ಕಪ್ಪು ಕೆಂಪಾಗಿ ಹರಿಯುತ್ತದೆ.
ಹಳೆಯ ಕುಲುಮೆಗಳ ಕಿಟ್ಟ ಇನ್ನೂ ರಸ್ತೆಬದಿ ಗುಡ್ಡೆ;
ಆಡುಗಳು ಅದರ ಮೇಲೆ ನಿಂತು ನಮ್ಮನ್ನು ನೋಡುತ್ತವೆ.

ನಿನ್ನೆ ಮೆಸ್ಸಿನ ಹಮ್ಮಬ್ಬ ಕರವಸ್ತ್ರ ಬಿಚ್ಚಿದ,
ದನಿ ತಗ್ಗಿಸಿ ಕೇಳಿದ:
‘ಪಚ್ಚೆಯಾ ಇದು? ಟಿಕೇಟಿಗಾದರೂ ಬರ್ತದಾ?’
ಬೆಲೆಯ ಕಾಲಂ ನನ್ನ ಫಾರಮ್ಮಿನಲ್ಲಿಲ್ಲ.
ಚಾಕು ತೆಗೆದು, ಅವನೆದುರೇ, ಒಂದು ಗೀರು.
ಅಂಗೈಗೆ ಹಸಿರು ಪುಡಿ ಉದುರಿತು.
ಇಬ್ಬರೂ ಅದನ್ನೇ ನೋಡಿದೆವು.

ಎಸೆಯಲಿಲ್ಲ ಅವನು.
ಅಡುಗೆಮನೆ ಕಿಟಕಿಯಲ್ಲಿ
ಕೊತ್ತಂಬರಿ ಕಟ್ಟಿನ ಪಕ್ಕ ಇಟ್ಟ.
ಸಂಜೆಗೆ ಸೊಪ್ಪು ಬಾಡಿತು.