ನೀರು ಬಂದರೆ ಕೂಗುವ ಪೆಟ್ಟಿಗೆ

ಮೊದಲು ಬ್ಯಾಟರಿ ನೋಡು, ಫ್ರೆಜೀನಾ.
ನಾನು ಮೂರು ರಾತ್ರಿ ಟ್ರಾನ್ಸಿಸ್ಟರಿಗೆ ಶಾಪ ಹಾಕಿದ್ದೆ;
ಸತ್ತದ್ದು ಒಂಬತ್ತು ವೋಲ್ಟಿನ ಡಬ್ಬಿ.

ವಾಸ್ಕೋದ ಗಾಳಿಯಲ್ಲಿ ಉಪ್ಪಿದೆ.
ಬಂದರಿನ ಕ್ರೇನಿನ ಮೇಲೆ ಕೂತ ನನ್ನ ಮೀಸೆಯನ್ನೇ ಬಿಟ್ಟಿಲ್ಲ,
ತಾಮ್ರವನ್ನು ಬಿಟ್ಟೀತೇ?
ಕಿಲುಬು ಕಂಡರೆ ಹುಣಸೆಹಣ್ಣು ತರಬೇಡ, ಅದು ತಂಬಿಗೆಗೆ.
ಹಳೆಯ ಹಲ್ಲುಜ್ಜುವ ಬ್ರಷ್ಷು, ಎರಡು ಹನಿ ಸ್ಪಿರಿಟ್ಟು,
ಆಮೇಲೆ ಉಫ್ ಅಂತ ಊದದೆ ಸುಮ್ಮನೆ ಒಣಗಲು ಬಿಡು.

ಬೆಸುಗೆ ಹೊಳೆಯಬೇಕು,
ಈಗಷ್ಟೇ ಮುಖ ತೊಳೆದವಳ ಹಾಗೆ.
ಬೂದಿ ಬಡಿದಂತಿದ್ದರೆ ಅದು ಹಿಡಿದಿಲ್ಲ,
ಹಿಡಿದಂತೆ ನಟಿಸುತ್ತಿದೆ.
ಪೆನ್ಸಿಲ್ಲಿನ ತುದಿಯಿಂದ ಮೆಲ್ಲಗೆ ಅಲುಗಿಸು,
ದೀಪ ಮಿಣುಕಿತೋ, ಸಿಕ್ಕಿದ ಕಳ್ಳ.

ಗೊತ್ತು, ಎಲ್ಲ ಸರಿಯಾಗಿಯೇ ಇದೆ ಅನ್ನುತ್ತೀ.
ನಿನ್ನೆ ನಿನ್ನಪ್ಪ ದೋಣಿ ಒಯ್ದರು, ಪೆಟ್ಟಿಗೆ ಕೂಗಲೇ ಇಲ್ಲ.
ಹುಡುಗಿ, ಮೌನಕ್ಕೆ ಎರಡು ಅರ್ಥ:
ದೋಣಿಯ ಹೊಟ್ಟೆ ಒಣಗಿದೆ,
ಇಲ್ಲವೇ ತಂತಿ ಎಲ್ಲೋ ಕಿತ್ತಿದೆ.
ಎರಡೂ ಒಂದೇ ಥರ ಕೇಳಿಸುತ್ತವೆ.

ಅದಕ್ಕೇ ನಾಳೆ ನಸುಕಿನಲ್ಲಿ, ಅವರು ಹಗ್ಗ ಬಿಚ್ಚುವ ಮೊದಲು,
ಎರಡು ತಂತಿಗಳ ನಡುವೆ ಒಂದು ಬೊಗಸೆ ಕಡಲು ಸುರಿ.
ಕೇರಿಯೆಲ್ಲ ಎದ್ದು ಬೈದರೆ ಬೈಯಲಿ,
ಕೂಗಿದ ಮೇಲೇ ಕಳಿಸು.