ಬಾಯಿ ಬಿದ್ದ ಕಂತು

ನಾನು ಬಾಯಿ ಬರೆಯುವವಳು.
ಮುಖಕ್ಕೆ ಬೇರೆಯವರು, ಕೈಕಾಲಿಗೆ ಬೇರೆಯವರು,
ನನ್ನ ಪಾಲಿಗೆ ಬಂದದ್ದು ಒಂಬತ್ತು ಬಾಯಿ:
'ಅ'ಕ್ಕೆ ಒಂದು, 'ಈ'ಗೆ ಒಂದು, 'ಓ'ಗೆ ಬಳೆಯ ಹಾಗೆ ಗುಂಡಗೆ,
ಪ, ಬ, ಮ ಮೂವರಿಗೂ ಸೇರಿ ಮುಚ್ಚಿದ ಒಂದೇ ಗೆರೆ.
ಆರು ವರ್ಷ ಟೀವಿಯಲ್ಲಿ ಕಂಡಕ್ಟರ್ ದೂಮಣ್ಣ ಬೈದದ್ದೆಲ್ಲ
ಈ ಒಂಬತ್ತರಲ್ಲೇ.

ಫಳ್ನೀರಿನಲ್ಲಿ, ಟೈಲರ್ ಅಂಗಡಿಯ ಮೇಲೆ ನಮ್ಮ ಸ್ಟುಡಿಯೋ.
ಕೆಳಗೆ ಹೊಲಿಗೆ ನಿಂತ ಮೇಲೆ, ರಾತ್ರಿ ಎಂಟು ದಾಟಿ,
ಹೊದಿಕೆ ತುರುಕಿದ ಹಳೆ ಕಪಾಟಿನೊಳಗೆ ತಲೆ ಹಾಕಿ
ಮಾತಾಡುತ್ತಿದ್ದರು ಮೋನಪ್ಪ ಬಂಗೇರರು.
ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಹದವಾದ ಗಂಟಲು.

ಅರುವತ್ತೊಂದನೆಯ ಕಂತಿಗೆ ಸರಿಯಾಗಿ
ಆ ಗಂಟಲನ್ನು ಕಂಕನಾಡಿಯ ಆಸ್ಪತ್ರೆಯಲ್ಲಿ ತೆಗೆದರು.
ಕುತ್ತಿಗೆಯಲ್ಲೊಂದು ತೂತು. ಉಸಿರು ಅಲ್ಲಿಂದಲೇ.
ಬೇರೆ ಯಾರಿಂದಾದರೂ ಮಾತಾಡಿಸಿ, ಎಂದಿತು ಚಾನೆಲ್ಲು.
ಮೂವರು ಬಂದರು. ಮಿಮಿಕ್ರಿಯ ಹುಡುಗನೊಬ್ಬ
ಅಚ್ಚು ಮೋನಪ್ಪಣ್ಣನೇ. ಕೇಳಿ ನಮಗೆ ಊಟ ಸೇರಲಿಲ್ಲ.

ಆಗ ಲ್ಯಾನ್ಸಿ ಹೇಳಿದ: "ದೂಮಣ್ಣನ ಬಾಯಿ ಬೀಳಲಿ ಮಾರಾಯ್ರೆ.
ಬಿದ್ದೇ ಹೋಗಲಿ. ಟಿಕೆಟ್ ಹರಿಯುವಾಗ, ಜ್ಯೋತಿಯ ತಿರುವಿನಲ್ಲಿ,
ಟಪ್ಪಂತ."

ಬೀಳುವುದಕ್ಕೆ ನಾಲ್ಕೇ ಚಿತ್ರ.
ಬಿದ್ದ ಬಾಯಿಗೆ ಹೋಗಲು ಜಾಗ ಬೇಕಲ್ಲ?
ಮುನೀರ ಬಂದರಿನ ದಕ್ಕೆಯನ್ನು ಮಡಚಿ ಬಸ್ಸಿನೊಳಗಿಟ್ಟ.
ಬಾಯಿ ಸೀಟಿನಡಿ ಉರುಳಿ ಉರುಳಿ ಕಡಲು ಮುಟ್ಟಿತು.
ಬಾವಿಯ ಬಾಯಿಯನ್ನು ಕಂಡು ಅಕ್ಕಾ ಎಂದಿತು,
ಚೀಲದ ಬಾಯಿಯ ಜೊತೆ ಕೂತು ಚಿಲ್ಲರೆ ನುಂಗಿತು,
ಬಂಗುಡೆಯ ಬುಟ್ಟಿಯಲ್ಲಿ ಇನ್ನೂರು ಬಾಯಿಗಳ ನಡುವೆ ಮಲಗಿತು.
ಮೀನುಗಳು ಸರಿದು ಜಾಗ ಕೊಟ್ಟವು.
ಹಂಚಿನ ಕಾರ್ಖಾನೆ ಕೆಂಪಗೆ ಆಕಳಿಸಿತು.
ಸುರತ್ಕಲ್ಲಿನ ದೀಪಸ್ತಂಭ ಬಗ್ಗಿ, ಒಂದು ಟಿಕೆಟ್ ಎಂದಿತು.

"ಇದರ ಅರ್ಥ ಏನು ಸಾರ್?" ಫೋನಿನಲ್ಲಿ ಚಾನೆಲ್ಲಿನ ಹೆಂಗಸು.
ಅರ್ಥ ಮುಂದಿನ ಸ್ಟಾಪಿನಲ್ಲಿ ಹತ್ತುತ್ತದೆ ಮೇಡಂ, ಎಂದ ಲ್ಯಾನ್ಸಿ.
ಫೋನಿಟ್ಟು ನನ್ನ ಕಡೆ ನೋಡಿದ: ಹತ್ತುತ್ತದಾ?

ನನಗೇನು ಗೊತ್ತು. ನಾನು ದೂಮಣ್ಣನ ಮೀಸೆಯ ತುದಿಗಳನ್ನು
ಬಾಯಿಗೆ ಕಾಲು ಮಾಡಿ ನಡೆಸುತ್ತಿದ್ದೆ.
ಬಾಯಿದ್ದವ ಬರದಲ್ಲೂ ಬದುಕಿದ ಅಂತಾರೆ;
ಬಾಯಿಯೊಂದೇ ಇದ್ದರೆ?
ಒಂಬತ್ತು ಸಾಲಲಿಲ್ಲ. ಹತ್ತನೆಯದು ಬರೆದೆ,
ಯಾವ ಅಕ್ಷರಕ್ಕೂ ಸೇರದ್ದು,
ಆಸ್ಪತ್ರೆಯಲ್ಲಿ ಮೋನಪ್ಪಣ್ಣ ನೀರು ಕೇಳಿದಾಗ ಕಂಡದ್ದು.

ಕೊನೆಯ ವಾರ ಅವರೇ ಮೆಟ್ಟಿಲು ಹತ್ತಿ ಬಂದರು,
ಕುತ್ತಿಗೆಗೆ ಬೈರಾಸು, ಕಂಕುಳಲ್ಲಿ ಬಿಸ್ಕೆಟಿನ ತಗಡಿನ ಡಬ್ಬ.
ಕಪಾಟಿನೊಳಗೆ ಹೋಗಿ ಬಾಗಿಲೆಳೆದುಕೊಂಡರು.
ಕೆಳಗೆ ಇನ್ನೂ ಹೊಲಿಯುತ್ತಿದ್ದರು; ಇರಲಿ ಎಂದೆವು.
ಅಂಗೈಯಿಂದ ಒಂದು ಪೆಟ್ಟು: ನಿಲ್ಲಿಸು.
ಎರಡು: ರೈಟ್, ಹೋಗುವ.
ಆಮೇಲೆ ನಾವು ಕೇಳದ ಮೂರು, ಐದು, ಬೆರಳ ತುದಿಯದ್ದು,
ಯಾವ ಬಸ್ಸಿನಲ್ಲೂ ಯಾರೂ ಬಡಿಯದ್ದು.
ಅಶ್ವಿತ ಹೆಡ್‌ಫೋನು ತೆಗೆದು ಸುಮ್ಮನೆ ನನ್ನ ಕೈಗಿತ್ತ.

ಕಂತು ಬಂತು, ಶನಿವಾರ ಆರೂವರೆಗೆ, ಸಾಬೂನಿನ ಜಾಹೀರಾತುಗಳ ನಡುವೆ.
ಟೀವಿ ಕೆಟ್ಟಿತೆಂದು ಕೆಲವರು ಕೇಬಲ್ಲಿನವನಿಗೆ ಫೋನು ಮಾಡಿದರಂತೆ.
ಟೈಲರ್ ಗುಲಾಬಿಯಕ್ಕ ಕತ್ತರಿ ಕೆಳಗಿಡದೆ:
"ಆ ಮೀನಿನ ಬುಟ್ಟಿ ಬರುವಾಗ ನಮ್ಮ ಮೆಷಿನ್ ಕೇಳ್ತದೆ, ಅಲ್ವಾ!"

ಬಾಯಿ ಮರಳಿ ಮುಖಕ್ಕೆ ಬಂದದ್ದನ್ನು ನಾವು ಬರೆಯಲಿಲ್ಲ.
ಸಮಯ ಸಾಕಾಗಲಿಲ್ಲ ಎಂದು ಚಾನೆಲ್ಲಿಗೆ ಹೇಳಿದೆವು.