ಇನ್ನೂ ಹಸಿ

ಸ್ಕೂಟರು ಈಗ ಹೊರಗೆ, ಹಳೇ ಫ್ಲೆಕ್ಸು ಹೊದ್ದು ನಿಂತಿದೆ.
ಅದರ ಶೆಡ್ಡಿನಲ್ಲಿ ಹಲಗೆಗಳು ಮಲಗಿವೆ.
ಹತ್ತಡಿಗೆ ಎಂಟಡಿ, ತಗಡಿನ ಸೂರು,
ಹಾಸನ, ಸಾಲಗಾಮೆ ರಸ್ತೆಯಿಂದ ಮೂರನೇ ತಿರುವು.

ನೆಲಕ್ಕೆ ತಾಗಿಸಬೇಡ, ಅಂದಿದ್ದರು ದೇವೀರಾಚಾರ್ರು.
ನೆಲ ನೀರು ಕುಡಿಸುತ್ತೆ.
ಗೋಡೆಗೆ ಒರಗಿಸಲೂ ಬೇಡ,
ಸೋಮಾರಿಯ ಬೆನ್ನು ಕಲಿಯುತ್ತೆ.
ಸಿಮೆಂಟ್ ಇಟ್ಟಿಗೆ ಮೂರು ಸಾಲು ಹಾಕು, ನೂಲು ಹಿಡಿದು ಮಟ್ಟ ನೋಡು.
ಹಲಗೆ ಹಲಗೆಗೂ ನಡುವೆ ಬೆರಳು ದಪ್ಪದ ರೀಪರು,
ಒಂದರ ನೆತ್ತಿಗೊಂದು, ತಳದಿಂದ ಮೇಲಿನವರೆಗೂ ಒಂದೇ ಗೆರೆ.
ನೀನು ಪೇರಿಸ್ತಿರೋದು ಮರ ಅಲ್ಲ ಕಣಪ್ಪ,
ಗಾಳಿ.

ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಏರ್‌ಬ್ರೇಕು ಬಿಚ್ಚಿ ಕಟ್ಟಿದವನು ನಾನು.
ಗಾಳಿ ಅಂದರೆ ಸೋರಬಾರದ್ದು.
ಸೋರಲೆಂದೇ ಇಡುವ ಗಾಳಿಯನ್ನು ಒಪ್ಪಲು
ಎರಡು ಬೇಸಿಗೆ ಬೇಕಾಯಿತು.

ಸಿಲ್ವರ್ ಓಕು ಆಲೂರಿನ ಕಡೆಯದು, ಅಗ್ಗ,
ತಿರುಚಿಕೊಳ್ಳುವ ಚಾಳಿ. ಅದು ಅಡಿಗೆ, ಮೇಲೆ ಭಾರ.
ಹೊನ್ನೆಗೆ ಒದ್ದೆ ಬಟ್ಟೆ ತಾಗಿದರೆ ಟೀ ಬಣ್ಣ ಬಿಡುತ್ತದೆ.
ಮಾವಿನ ಕೆಳಗೆ ಬೆಳಿಗ್ಗೆ ಅಕ್ಕಿಹಿಟ್ಟಿನಂಥ ಪುಡಿ ಕಂಡರೆ
ಹುಳು ಪಂಕ್ತಿಗೆ ಕೂತಿದೆ ಎಂದರ್ಥ,
ಅವತ್ತೇ ಹೊರಗೆ, ದಾಕ್ಷಿಣ್ಯವಿಲ್ಲ.
ತುದಿಗಳಿಗೆ ಉಳಿದ ಕೆಂಪು ಪೇಂಟು:
ಮರ ಬಾಯಿಂದ ಒಣಗಿ ಸೀಳುತ್ತದೆ,
ಮನುಷ್ಯರ ಹಾಗೇ.

ಒಮ್ಮೆ ಕಮಲಾಕ್ಷಿ ಹನ್ನೊಂದು ರೀಪರು
ಮಗಳ ಬಾಣಂತನದ ನೀರಿಗೆ ಹಂಡೆ ಒಲೆಗಿಟ್ಟಳು.
ಚೆನ್ನಾಗಿ ಒಣಗಿದ್ದವು ಕಣ್ರೀ, ಭಲೇ ಉರಿದವು,
ಎಂದು ಮೆಚ್ಚಿಯೂ ಹೇಳಿದಳು.
ತಿಂಗಳು ಬಿಟ್ಟು ನೋಡಿದರೆ ಎರಡು ಹಲಗೆ ಮೈಗೆ ಮೈ ಅಂಟಿ
ನಡುವೆ ನೀಲಿ ಬೂಷ್ಟು.
ಮೂರು ದಿನ ಮಾತು ಬಿಟ್ಟಿದ್ದೆ.

ಎಲ್ಲಕ್ಕಿಂತ ಕೆಳಗೆ ಹಲಸಿನದೊಂದು, ಒಂದೂವರೆ ಅಂಗುಲ.
ಅದರ ಮೇಲೆ ಆಚಾರ್ರ ದಪ್ಪ ಪೆನ್ಸಿಲು:
ಇನ್ನೂ ಹಸಿ. ಮುಟ್ಟಬೇಡ.
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬರೆದು
ಮುಂದಿನ ಅಮಾವಾಸ್ಯೆಗೆ ಅವರಿರಲಿಲ್ಲ.

ಅಂಗುಲಕ್ಕೊಂದು ವರ್ಷ ಎಂದು ಲೆಕ್ಕ.
ಅವರು ಹೋಗಿ ಐದಾಯಿತು.
ತರಕಾರಿ ಷಫಿಯ ತಕ್ಕಡಿ ತಂದು ತೂಗಿದೆ,
ಮೂರು ತಿಂಗಳಿಂದ ಒಂದು ಗ್ರಾಮೂ ಇಳಿದಿಲ್ಲ.
ತಟ್ಟಿದರೆ ಕಂಚು.
ಕಮಲಾಕ್ಷಿಯ ಮಂಡಿಗೆ ಎತ್ತರದ ಮಣೆ ಬೇಕು.
ಹತ್ತರಿ ಹಿಡಿದರೆ ಮೊದಲ ಎಳೆತಕ್ಕೇ
ಅಕ್ಷರ ಸುರುಳಿಯಾಗಿ ಉದುರುತ್ತದೆ.
ಹಸಿ ಕಣೇ, ಇನ್ನೂ ಹಸಿ,
ಎನ್ನುತ್ತಲೇ ಬಂದೆ.

ನಿನ್ನೆ ಅವಳೇ ಬಗ್ಗಿ ಓದಿದಳು.
ಆ ಮುಖ ಅಡಿಗೆ ಬರೋ ಹಾಗೆ ಮಾಡಿ,
ಅಡೀನ ಯಾರು ನುಣುಪು ಮಾಡ್ತಾರೆ?

ಇಷ್ಟೇ ಇದ್ದದ್ದು.

ಇವತ್ತು ಒಂದೇ ಮುಖ ಹತ್ತರಿ ಹೊಡೆದೆ,
ಹಳದಿ ಹೊಟ್ಟು ಚಪ್ಪಲಿ ಮುಚ್ಚಿತು.
ಅಟ್ಟಿಯನ್ನು ಮತ್ತೆ ಮಟ್ಟಕ್ಕೆ ತಂದು ನೋಡಿದರೆ
ಮೂರು ರೀಪರು ಮಿಕ್ಕಿದ್ದವು.
ಅವಳು ಎತ್ತಿಕೊಂಡು ಹಿತ್ತಲಿಗೆ ನಡೆದಳು.
ನಾನು ನೂಲು ಸುತ್ತುತ್ತಿದ್ದೆ,
ನೋಡಲಿಲ್ಲ.